ಅವಸರವಿಲ್ಲದ ಸೂಜಿ

ಶಿಕಾರಿಪುರ, ಸೊರಬ ತಾಲ್ಲೂಕುಗಳೆಂದರೆ ಕೆರೆಗಳ ನಾಡು. ತೂಬನ್ನು ಒಮ್ಮೆಗೇ ಪೂರ್ತಿ ತೆರೆದರೆ ಆಗುವ ಅನಾಹುತವನ್ನು ಇಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆಯ ವೈದ್ಯರು ಪಾಲಿಸುವ ನಿಯಮವೂ ಇದಕ್ಕೆ ದೂರವಾದುದಲ್ಲ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬಾತನು ಈಥರನ್ನು ಮೂಸಿಸಿ, ರೋಗಿಗೆ ನೋವು ತಿಳಿಯದಂತೆ ಮಾಡಿ ತೋರಿಸಿದನು. ರಕ್ತನಾಳಕ್ಕೇ ಸೂಜಿಯಿಂದ ಕೊಡುವ ಥಯೋಪೆಂಟಾಲ್ 1934ರಲ್ಲಿ ಬಂದಿತು. ಇಂದು ಹೆಚ್ಚಾಗಿ ಬಳಸುವುದು ಪ್ರೊಪೋಫಾಲ್. ನೋಡಲು ಹಾಲಿನಂತೆ ಬಿಳುಪು. ಇದನ್ನು ಕಂಡುಹಿಡಿದ ಜಾನ್ ಗ್ಲೆನ್ ಮೂಲತಃ ಪಶುವೈದ್ಯರು. 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಈ ಔಷಧಕ್ಕಾಗಿ 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು.

ಈ ಔಷಧವು ನಿದ್ರೆಯನ್ನು ತರುವುದಷ್ಟೇ ಅಲ್ಲ, ರಕ್ತನಾಳಗಳ ಬಿಗಿಯನ್ನೂ ಸಡಿಲಿಸುತ್ತದೆ. ಕಾಲುವೆ ಹಠಾತ್ತನೆ ಅಗಲವಾದರೆ ಅಷ್ಟೇ ನೀರಿನ ಮಟ್ಟ ತಗ್ಗುವುದಷ್ಟೆ? ಹಾಗೆಯೇ ರಕ್ತದ ಒತ್ತಡವೂ ಇಳಿಯುತ್ತದೆ. ಒತ್ತಡ ತೀರ ಕುಗ್ಗಿ ಬಹಳ ಹೊತ್ತು ಹಾಗೆಯೇ ಉಳಿದರೆ ಮಿದುಳು, ಹೃದಯ, ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ಹರಿಯದು.

ಇಲ್ಲಿಯೇ ವೇಗದ ಪ್ರಶ್ನೆ ಬರುವುದು. ಕೈಯಲ್ಲಿ ಚುಚ್ಚಿದ ಔಷಧವು ಹೃದಯವನ್ನು ಹಾದು ಮಿದುಳನ್ನು ಮುಟ್ಟಲು ಸುಮಾರು ಅರ್ಧ ನಿಮಿಷ ಬೇಕು. ಮುದುಕರಲ್ಲಿ ಇನ್ನೂ ತಡ. ಅವಸರದಿಂದ ಚುಚ್ಚುವವನು, ಮೊದಲ ಪಾಲಿನ ಫಲ ಕಾಣುವ ಮುನ್ನವೇ ಮುಂದಿನ ಪಾಲನ್ನೂ ಸುರಿದುಬಿಟ್ಟಿರುತ್ತಾನೆ. ನಿಧಾನಿಸಿದರೆ ಎಷ್ಟೋ ವೇಳೆ ಕಡಿಮೆ ಔಷಧದಲ್ಲಿಯೇ ನಿದ್ರೆ ಬರುವುದು. ಆದುದರಿಂದ ಆರೋಗ್ಯವಂತ ವಯಸ್ಕರಿಗೆ 10 ಸೆಕೆಂಡಿಗೆ ಸುಮಾರು 40 ಮಿಲಿಗ್ರಾಂ, ವೃದ್ಧರಿಗೂ ದುರ್ಬಲರಿಗೂ ಅದರ ಅರ್ಧದಷ್ಟು ಎಂಬ ಅಳತೆ ರೂಢಿಯಲ್ಲಿದೆ. ಒಟ್ಟು ಪ್ರಮಾಣವೂ ಅಷ್ಟೆ: ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ ಸುಮಾರು 2 ಮಿಲಿಗ್ರಾಂ ಬೇಕಾದರೆ ವೃದ್ಧರಿಗೆ 1ರಿಂದ 1.5 ಸಾಕಾಗುತ್ತದೆ. ನಿದ್ರೆ ಬಂದ ಮೇಲೆಯೂ ಒತ್ತಡದ ಇಳಿತ ಕೆಲ ನಿಮಿಷ ಮುಂದುವರಿಯುವುದರಿಂದ ವೈದ್ಯರ ದೃಷ್ಟಿ ಒತ್ತಡದ ಮಾಪಕವನ್ನು ಬಿಟ್ಟು ಕದಲದು.

ಎಲ್ಲ ಕಾಲಕ್ಕೂ ನಿಧಾನವೇ ಸರಿಯೆಂದಲ್ಲ. ಹೊಟ್ಟೆ ತುಂಬಿರುವಾಗ ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ, ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ. ಆಗ ಔಷಧವನ್ನು ಶೀಘ್ರವಾಗಿ ಕೊಟ್ಟು, ಕೂಡಲೇ ಶ್ವಾಸನಾಳಕ್ಕೆ ಕೊಳವೆಯನ್ನು ಹಾಕುತ್ತಾರೆ. ಯಾವ ಅಪಾಯ ದೊಡ್ಡದೆಂದು ತೂಗಿ ನೋಡುವುದೇ ಈ ವಿದ್ಯೆಯ ಸಾರ.

ಈ ತೂಕಕ್ಕೆ ಮನೆಯವರ ನೆರವೂ ಬೇಕು. ಸೊರಬದ ಹಳ್ಳಿಯೊಂದರಿಂದ ತೊಡೆಯ ಮೂಳೆ ಮುರಿದ ಅಜ್ಜಿಯನ್ನು ತಾಲ್ಲೂಕು ಆಸ್ಪತ್ರೆಗೋ, ದೂರದ ಶಿವಮೊಗ್ಗಕ್ಕೋ ಕರೆದೊಯ್ಯುವವರು ಆಕೆ ನುಂಗುವ ರಕ್ತದೊತ್ತಡದ ಮಾತ್ರೆಗಳನ್ನು ಚೀಟಿಸಹಿತ ಒಯ್ಯಬೇಕು. ಕೆಲವು ಮಾತ್ರೆಗಳು ಒತ್ತಡವನ್ನು ಇನ್ನಷ್ಟು ಇಳಿಸುವುದುಂಟು. ಎರಡು ದಿನದಿಂದ ವಾಂತಿಭೇದಿಯಾಗಿದ್ದರೆ, ರಕ್ತ ಹೋಗಿದ್ದರೆ, ನೀರು ಕುಡಿಯದಿದ್ದರೆ ಮುಚ್ಚಿಡದೆ ತಿಳಿಸಬೇಕು. ಬತ್ತಿದ ಕೆರೆಯ ಕಾಲುವೆಯನ್ನು ಅಗಲ ಮಾಡಿದಂತಾಗಬಾರದು. ಊಟ ಮಾಡಿದ ಹೊತ್ತನ್ನೂ ನಿಜವಾಗಿ ಹೇಳಬೇಕು. ಮುಂಚೆಯೇ ಗೊತ್ತಾದ ಶಸ್ತ್ರಚಿಕಿತ್ಸೆಗೆ ಘನಾಹಾರವನ್ನು 6 ಗಂಟೆ ಮೊದಲೇ ನಿಲ್ಲಿಸಬೇಕು; ಬರಿಯ ನೀರನ್ನು ವೈದ್ಯರು ಒಪ್ಪಿದರೆ 2 ಗಂಟೆ ಮೊದಲಿನವರೆಗೂ ಕುಡಿಯಬಹುದು.

ಒಳಗೆ ಹೋದ ಅಜ್ಜಿಗೆ ಮತ್ತು ಬರಿಸುವುದು ತಡವಾಯಿತೆಂದು ಬಾಗಿಲಲ್ಲಿ ಕಾಯುವವರು ಬೇಸರಿಸುವುದು ಬೇಡ. ಆ ಕೆಲವು ನಿಮಿಷಗಳು ವೃಥಾ ಕಳೆದುವಲ್ಲ, ಆಕೆಯ ರಕ್ಷಣೆಗೆಂದೇ ಮೀಸಲಾದುವು.