ಬಾಣಲೆಯಲ್ಲಿ ಎಣ್ಣೆಗೆ ಏನಾಗುತ್ತದೆ?

ಫೋನಿನಲ್ಲಿ ಅಡುಗೆ ವಿಡಿಯೊ ನೋಡುವವರಿಗೆಲ್ಲ ಈ ದೃಶ್ಯ ಗೊತ್ತು. ಬಾಣಲೆ ಕಾದಿದೆ, ಬಾಟಲಿಯಿಂದ ಎಣ್ಣೆ ಧಾರೆಯಾಗಿ ಬೀಳುತ್ತಿದೆ, 'ಎರಡು ಚಮಚ ಎಣ್ಣೆ ಹಾಕ್ಕೊಳ್ಳಿ' ಎಂದು ದನಿ ಕೇಳುತ್ತದೆ. ಬಿದ್ದದ್ದು ಮಾತ್ರ ಅರ್ಧ ಲೋಟ. ಎಣ್ಣೆ ಬಿಟ್ಟುಕೊಂಡ ಗೊಜ್ಜು ದೀಪದ ಬೆಳಕಿಗೆ ಥಳಥಳಿಸುತ್ತದೆ, ನೋಡಿದವರ ಬಾಯಲ್ಲಿ ನೀರೂರುತ್ತದೆ. ಬೆರಳು ಸರಿಸಿದರೆ ಮುಂದಿನ ವಿಡಿಯೊ: ರಿಫೈನ್ಡ್ ಎಣ್ಣೆ ವಿಷ. ಅದರ ಮುಂದಿನದು: ಕೊಬ್ಬರಿ ಎಣ್ಣೆಯೇ ಔಷಧ. ಮತ್ತೊಂದರಲ್ಲಿ ಯಾವ ಎಣ್ಣೆ ಎಷ್ಟು ಡಿಗ್ರಿಗೆ ಹೊಗೆಯಾಡುತ್ತದೆ ಎಂಬ ಪಟ್ಟಿ, ಹೆಚ್ಚು ಅಂಕಿಯದ್ದೇ ಒಳ್ಳೆಯ ಎಣ್ಣೆ ಎಂಬ ತೀರ್ಪು.

ಈ ವಿಡಿಯೊಗಳಲ್ಲಿ ನಡೆಯುವುದೆಲ್ಲ ಬಾಟಲಿಯ ಮೇಲಿನ ಹೆಸರಿನ ಜಗಳ. ಎಣ್ಣೆಯ ಒಳಿತು ಕೆಡುಕು ಬೀಜದಲ್ಲಿ ನಿರ್ಧಾರವಾಗುವುದು ಅರ್ಧ ಮಾತ್ರ. ಉಳಿದರ್ಧ ನಮ್ಮ ಒಲೆಯ ಮೇಲೆ, ಎಷ್ಟು ಕಾಯಿಸಿದೆವು, ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ತಿಂದೆವು ಎಂಬುದರಲ್ಲಿ ನಿರ್ಧಾರವಾಗುತ್ತದೆ. ಅದು ಹೇಗೆ ಎಂದು ತಿಳಿಯಲು ಎಣ್ಣೆಯ ಒಳಗೆ ಸ್ವಲ್ಪ ಇಣುಕಬೇಕು.

ಡಿಸೆಂಬರಿನ ಬೆಳಿಗ್ಗೆ ಬೆಂಗಳೂರಿನ ಅಡುಗೆಮನೆಯ ಕಪಾಟು ತೆರೆದರೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆ ತಿಳಿಯಾಗಿ ಹರಿಯುತ್ತಿರುತ್ತದೆ. ಎರಡೂ ಕೊಬ್ಬೇ. ಎರಡರ ಅಣುವಿನ ರಚನೆಯೂ ಮೂಲದಲ್ಲಿ ಒಂದೇ: ಒಂದು ಗ್ಲಿಸರಾಲ್, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲಗಳು. ವ್ಯತ್ಯಾಸ ಇರುವುದು ಆ ಆಮ್ಲಗಳ ಇಂಗಾಲದ ಸರಪಳಿಯಲ್ಲಿ. ಪ್ರತಿ ಇಂಗಾಲವೂ ಹಿಡಿಯಬಲ್ಲಷ್ಟು ಜಲಜನಕವನ್ನು ಹಿಡಿದಿದ್ದರೆ ಅದು ಸ್ಯಾಚುರೇಟೆಡ್, ಅಂದರೆ ಪರ್ಯಾಪ್ತ ಕೊಬ್ಬು. ಅಂಥ ಸರಪಳಿಗಳು ನೆಟ್ಟಗಿರುವುದರಿಂದ ಒತ್ತೊತ್ತಾಗಿ ಜೋಡಿಸಿಕೊಂಡು ಬೇಗ ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಇಂಥ ಕೊಬ್ಬು ಸುಮಾರು ಶೇ. 90. ಅದು ಕರಗುವುದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕೆಲವು ಇಂಗಾಲಗಳ ನಡುವೆ ಜಲಜನಕ ಕಡಿಮೆಯಾಗಿ ದ್ವಿಬಂಧ ಬಂದರೆ ಸರಪಳಿ ಅಲ್ಲಿ ಬಾಗುತ್ತದೆ. ಬಾಗಿದ ಸರಪಳಿಗಳು ಒತ್ತಾಗಿ ಕೂರಲಾರವು, ಎಣ್ಣೆ ಚಳಿಯಲ್ಲೂ ಹರಿಯುತ್ತದೆ.

ಈ ದ್ವಿಬಂಧಗಳನ್ನು ನೆನಪಿಡಿ. ಬಾಣಲೆಯಲ್ಲಿ ಆಮ್ಲಜನಕ ದಾಳಿ ಮಾಡುವುದು ಇವುಗಳ ಪಕ್ಕದ ಜಾಗಕ್ಕೇ. ಒಂದು ದ್ವಿಬಂಧವಿರುವ ಓಲಿಯಿಕ್ ಆಮ್ಲಕ್ಕಿಂತ ಎರಡಿರುವ ಲಿನೋಲಿಯಿಕ್ ಆಮ್ಲ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಆಮ್ಲಜನಕದ ಜೊತೆ ಸೇರುತ್ತದೆ. ಮೂರು ದ್ವಿಬಂಧದ ಲಿನೋಲೆನಿಕ್ ಆಮ್ಲದ ವೇಗ ಇನ್ನೂ ಹೆಚ್ಚು. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಇದೇ ಆಮ್ಲ. ಅಗಸಿ ಎಣ್ಣೆಯನ್ನು ತೆಳ್ಳಗೆ ಬಳಿದು ಗಾಳಿಗೆ ಬಿಟ್ಟರೆ ಅದು ತಾನಾಗಿ ಒಣಗಿ ಪೊರೆಗಟ್ಟುತ್ತದೆ. ಹಾಗಾಗಿಯೇ ತೈಲವರ್ಣದ ಚಿತ್ರಕಾರರು ಅದನ್ನು ಶತಮಾನಗಳಿಂದ ಬಳಸುತ್ತಾ ಬಂದಿದ್ದಾರೆ. ಹೊಸ ಕಬ್ಬಿಣದ ಹಂಚಿಗೆ ಎಣ್ಣೆ ಸವರಿ ಕಾಯಿಸಿ ಪಳಗಿಸುವಾಗಲೂ ನಡೆಯುವುದು ಇದೇ ಕ್ರಿಯೆ. ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಲೋಹದ ಮೇಲೆ ನುಣುಪಾದ ಕಪ್ಪು ಪದರವಾಗುತ್ತವೆ. ದೋಸೆ ಏಳುವುದು ಆ ಪದರದಿಂದ. ಒಲೆಯ ಹಿಂದಿನ ಟೈಲ್ಸ್‌ ಮೇಲೆ ಎಷ್ಟು ತಿಕ್ಕಿದರೂ ಹೋಗದ ಕಂದು ಜಿಗುಟು ಕೂಡ ಅದೇ. ಹಂಚಿನಲ್ಲಿ ನಮಗೆ ಬೇಕಾದ ಈ ಗುಣ ಕರಿಯುವ ಬಾಣಲೆಯಲ್ಲಿ ಬೇಡವಾದದ್ದು.

ಕರಿಯುವುದನ್ನೇ ಹತ್ತಿರದಿಂದ ನೋಡೋಣ. ಕಾದ ಎಣ್ಣೆಯ ಶಾಖ ಸಾಮಾನ್ಯವಾಗಿ 170ರಿಂದ 190 ಡಿಗ್ರಿ. ಹಿಟ್ಟಿನಲ್ಲಿ ಅದ್ದಿದ ಈರುಳ್ಳಿ ಬಿಲ್ಲೆ ಅದರಲ್ಲಿ ಬಿದ್ದೊಡನೆ ಹಿಟ್ಟಿನ ನೀರು ಆವಿಯಾಗಿ ಹೊರಕ್ಕೆ ನುಗ್ಗುತ್ತದೆ. ಆ ಗುಳ್ಳೆಗಳ ಸದ್ದೇ ನಮಗೆ ಕೇಳುವುದು. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗುವುದು ಕಷ್ಟ. ಎಣ್ಣೆ ಸರಿಯಾಗಿ ಕಾಯದಿದ್ದರೆ ಹೊರಪದರ ಬೇಗ ಗಟ್ಟಿಯಾಗುವುದಿಲ್ಲ, ಬಜ್ಜಿ ಹೆಚ್ಚು ಹೊತ್ತು ಎಣ್ಣೆಯಲ್ಲೇ ಮುಳುಗಿರಬೇಕಾಗುತ್ತದೆ, ಎಣ್ಣೆ ಕುಡಿಯುತ್ತದೆ. ಇನ್ನೊಂದು ಸಂಗತಿ ಅನೇಕರಿಗೆ ಅಚ್ಚರಿ ತರಬಹುದು. ಬಜ್ಜಿ ಎಣ್ಣೆಯ ಬಹುಪಾಲನ್ನು ಹೀರುವುದು ಬಾಣಲೆಯಿಂದ ಎತ್ತಿದ ಮೇಲೆ. ಬಜ್ಜಿ ತಣಿಯುವಾಗ ಒಳಗಿನ ಆವಿ ನೀರಾಗಿ ಒತ್ತಡ ಇಳಿಯುತ್ತದೆ, ಮೇಲೆ ಅಂಟಿದ ಎಣ್ಣೆಯನ್ನು ಸಣ್ಣ ರಂಧ್ರಗಳು ಒಳಗೆ ಸೆಳೆದುಕೊಳ್ಳುತ್ತವೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿದ ತಕ್ಷಣ, ಬಿಸಿಯಿರುವಾಗಲೇ, ಬಾಣಲೆಯ ಮೇಲೆ ಹಿಡಿದು ಚೆನ್ನಾಗಿ ಒದರಬೇಕು. ತಟ್ಟೆಗೆ ಹಾಕಿ ತಣಿದ ಮೇಲೆ ಕಾಗದದಲ್ಲಿ ಒತ್ತಿದರೆ ಹೊರಗಿನ ಜಿಡ್ಡಷ್ಟೇ ಹೋಗುತ್ತದೆ.

ಇಷ್ಟೆಲ್ಲ ನಡೆಯುವಾಗ ಎಣ್ಣೆಯೂ ಬದಲಾಗುತ್ತಿರುತ್ತದೆ. ಪದಾರ್ಥದ ನೀರು ಕೆಲವು ಅಣುಗಳನ್ನು ಸೀಳಿ ಕೊಬ್ಬಿನಾಮ್ಲವನ್ನು ಬಿಡಿಯಾಗಿಸುತ್ತದೆ. ಗಾಳಿಯ ಆಮ್ಲಜನಕ ದ್ವಿಬಂಧಗಳ ಪಕ್ಕ ಸೇರಿ ಪೆರಾಕ್ಸೈಡ್‌ಗಳಾಗುತ್ತದೆ. ಅವು ಒಡೆದು ಆಲ್ಡಿಹೈಡ್‌ಗಳಾಗುತ್ತವೆ, ಹಳೆಯ ಎಣ್ಣೆಯ ಕಮಟು ವಾಸನೆ ಬರುವುದು ಇವುಗಳಿಂದ. ಇವುಗಳಲ್ಲಿ ಕೆಲವು ನಮ್ಮ ಜೀವಕೋಶದ ಪ್ರೋಟೀನುಗಳಿಗೆ ಅಂಟಿ ಹಾನಿ ಮಾಡಬಲ್ಲವು. ಉಳಿದ ಅಣುಗಳು ಪರಸ್ಪರ ಬೆಸೆದುಕೊಂಡು ಎಣ್ಣೆಯನ್ನು ಮಂದವಾಗಿಸುತ್ತವೆ. ಹೀಗೆ ಕೆಟ್ಟ ಅಣುಗಳ ಒಟ್ಟು ಲೆಕ್ಕಕ್ಕೆ 'ಒಟ್ಟು ಪೋಲಾರ್ ಸಂಯುಕ್ತಗಳು' ಎಂದು ಹೆಸರು. ಇವು ಶೇ. 25 ಮೀರಿದ ಎಣ್ಣೆಯನ್ನು ಹೋಟೆಲುಗಳು ಬಳಸುವಂತಿಲ್ಲ ಎಂಬ ನಿಯಮ ನಮ್ಮಲ್ಲಿ 2018ರ ಜುಲೈನಿಂದ ಇದೆ. ಅಳೆಯುವ ಉಪಕರಣ ಮನೆಯಲ್ಲಿ ಇರುವುದಿಲ್ಲ. ಆದರೆ ಎಣ್ಣೆಯೇ ಹೇಳುತ್ತದೆ: ಬಣ್ಣ ಕಪ್ಪಾಗುತ್ತದೆ, ಸುರಿದರೆ ಮಂದವಾಗಿ ಇಳಿಯುತ್ತದೆ, ಪದಾರ್ಥ ಬಿಟ್ಟಾಗ ಬೇಗ ಆರದ ಸಣ್ಣ ನೊರೆ ಏಳುತ್ತದೆ, ಮೊದಲಿಗಿಂತ ಕಡಿಮೆ ಬಿಸಿಗೇ ಹೊಗೆ ಬರುತ್ತದೆ.

ಈಗ ಆ ಹೊಗೆಯ ಪಟ್ಟಿಗೆ ಬರೋಣ. ಯಾವ ಬಿಸಿಗೆ ಹೊಗೆ ಕಾಣಿಸುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಎಣ್ಣೆಯಲ್ಲಿರುವ ಬಿಡಿ ಕೊಬ್ಬಿನಾಮ್ಲ. ರಿಫೈನ್ ಮಾಡುವಾಗ ಅದನ್ನು ತೆಗೆದುಬಿಡುವುದರಿಂದ ಹೆಚ್ಚಿನ ಎಣ್ಣೆಗಳು 220 ಡಿಗ್ರಿ ಆಸುಪಾಸಿನವರೆಗೆ ಹೊಗೆಯಿಲ್ಲದೆ ಕಾಯುತ್ತವೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಪಟ್ಟಿಯಲ್ಲಿ ಮೇಲೆ ಇರುವುದು, ಗಾಣದ ಕೊಬ್ಬರಿ ಎಣ್ಣೆ 175ರ ಸುತ್ತ ಕೆಳಗೆ ಇರುವುದು ಹೀಗೆ. ಆದರೆ 180 ಡಿಗ್ರಿಯಲ್ಲಿ ಒಂದು ಗಂಟೆ ಚಕ್ಕುಲಿ ಕರಿದರೆ, ಹೊಗೆ ಕಾಣದ ಸೂರ್ಯಕಾಂತಿ ಎಣ್ಣೆಯಲ್ಲೇ ಹೆಚ್ಚು ಆಲ್ಡಿಹೈಡ್‌ಗಳು ಹುಟ್ಟಿರುತ್ತವೆ. ಏಕೆಂದರೆ ಅದರಲ್ಲಿ ಸುಮಾರು ಶೇ. 60 ಎರಡು ದ್ವಿಬಂಧದ ಲಿನೋಲಿಯಿಕ್ ಆಮ್ಲ. ಕುಸುಬೆ ಎಣ್ಣೆಯಲ್ಲಿ ಅದು ಇನ್ನೂ ಹೆಚ್ಚು. ಹೊಗೆ ಬಂದರೆ ಒಲೆ ಸಣ್ಣ ಮಾಡಬೇಕು, ನಿಜ. ಕಣ್ಣು ಉರಿಸುವ ಆ ಹೊಗೆಯಲ್ಲಿ ಗ್ಲಿಸರಾಲ್ ಸುಟ್ಟು ಬಂದ ಅಕ್ರೋಲೀನ್ ಇರುತ್ತದೆ. ಆದರೆ ಹೊಗೆ ಬಂದಿಲ್ಲ ಎಂದ ಮಾತ್ರಕ್ಕೆ ಎಣ್ಣೆ ಕೆಟ್ಟಿಲ್ಲ ಎಂದು ತಿಳಿಯುವುದು ತಪ್ಪು.

ಹಾಗಾದರೆ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಸರಿಯೇ? ಬಾಣಲೆಯನ್ನಷ್ಟೇ ನೋಡಿದರೆ ಹೌದು ಎನ್ನಬಹುದು, ದ್ವಿಬಂಧ ಕಡಿಮೆಯಿರುವ ಎಣ್ಣೆ ಶಾಖಕ್ಕೆ ಗಟ್ಟಿ. ರಕ್ತನಾಳವನ್ನು ನೋಡಿದರೆ ಉತ್ತರ ಬೇರೆ. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ, ಕೊಲೆಸ್ಟ್ರಾಲ್ ಹೊತ್ತು ರಕ್ತನಾಳಕ್ಕೆ ಕೆಡುಕು ಮಾಡುವ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ತೆಗೆಯುವ ಯಕೃತ್ತಿನ ಗ್ರಾಹಕಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 16 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿತು. ಸೂರ್ಯಕಾಂತಿ, ಆಲಿವ್ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಪ್ರತಿ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸುತ್ತದೆ ಎಂಬುದು ಅದರ ಫಲಿತಾಂಶ. 'ಕೊಲೆಸ್ಟ್ರಾಲ್ ಇಲ್ಲ' ಎಂದು ಲೇಬಲ್ ಮೇಲೆ ಬರೆದಿರುವುದು ಇಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ಯಾವ ಸಸ್ಯದ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ.

ಬಾಣಲೆಯಲ್ಲಿ ಸೂರ್ಯಕಾಂತಿ ಎಣ್ಣೆಯನ್ನು ದುರ್ಬಲಗೊಳಿಸುವ ದ್ವಿಬಂಧಗಳೇ, ಕೆಡದೆ ಹೊಟ್ಟೆಗೆ ಹೋದರೆ, ಎಲ್‌ಡಿಎಲ್ ಇಳಿಸಲು ನೆರವಾಗುತ್ತವೆ. ಎಣ್ಣೆಯ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿ ಇದು. ಒಂದೇ ಎಣ್ಣೆಗೆ ಪಟ್ಟ ಕಟ್ಟುವ ಪ್ರಯತ್ನ ವ್ಯರ್ಥವಾಗುವುದೂ ಇದರಿಂದಲೇ. ಒಗ್ಗರಣೆಯಲ್ಲಿ ಎಣ್ಣೆ ಕಾಯುವುದು ಒಂದೆರಡು ನಿಮಿಷ. ಸಾಸಿವೆಯೊಳಗಿನ ತೇವ ಆವಿಯಾಗಿ ಸಿಡಿಯುತ್ತದೆ, ಇಂಗು ಕರಿಬೇವಿನ ಘಮ ಎಣ್ಣೆಯಲ್ಲಿ ಕರಗುತ್ತದೆ, ಅಷ್ಟರಲ್ಲಿ ಒಲೆ ಆರಿರುತ್ತದೆ. ಅಲ್ಲಿ ಸೂರ್ಯಕಾಂತಿ, ಕುಸುಬೆ ಯಾವುದಾದರೂ ನಡೆಯುತ್ತದೆ. ಕರಿಯಲು ಕಡಲೆಕಾಯಿ ಎಣ್ಣೆ ಅಥವಾ ಅಕ್ಕಿ ತೌಡಿನ ಎಣ್ಣೆ ಮೇಲು. ಒಂದೇ ದ್ವಿಬಂಧದ ಓಲಿಯಿಕ್ ಆಮ್ಲ ಎರಡರಲ್ಲೂ ಗಣನೀಯವಾಗಿದೆ, ಪರ್ಯಾಪ್ತ ಕೊಬ್ಬು ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಎಳ್ಳೆಣ್ಣೆಯಲ್ಲಿ ಸೆಸಮಾಲ್‌ನಂಥ ಪದಾರ್ಥಗಳಿದ್ದು ಆಮ್ಲಜನಕವನ್ನು ಸಾಕಷ್ಟು ಹೊತ್ತು ತಡೆಯುತ್ತವೆ, ಉಪ್ಪಿನಕಾಯಿಗೆ ಅದನ್ನು ಸುರಿಯುವ ವಾಡಿಕೆಗೆ ರಸಾಯನಶಾಸ್ತ್ರದ ಬೆಂಬಲವಿದೆ. ಕರಾವಳಿಯ ಗಸಿಗೆ ತೆಂಗಿನೆಣ್ಣೆಯೇ ಬೇಕು, ಅದನ್ನು ಬಿಡಿ ಎಂದು ನಾನು ಹೇಳಲಾರೆ, ಚಮಚ ಎಣಿಸಿ ಹಾಕಿ ಎಂದಷ್ಟೇ ಹೇಳಬಲ್ಲೆ. ಅಗಸಿಯನ್ನು ಹುರಿದು ಪುಡಿ ಮಾಡಿ ತಿನ್ನುವವರಿಗೆ, ದೇಹ ತಾನೇ ತಯಾರಿಸಿಕೊಳ್ಳಲಾರದ ಒಮೆಗಾ-3 ರೊಟ್ಟಿಯ ಜೊತೆಗೇ ಸಿಗುತ್ತದೆ.

ಗಾಣದ ಎಣ್ಣೆಯೋ ರಿಫೈನ್ಡೋ ಎಂಬ ಪ್ರಶ್ನೆಗೂ ಘೋಷಣೆಗಳೇ ಹೆಚ್ಚು ಉತ್ತರ ಕೊಡುತ್ತಿವೆ. ಶೇಂಗಾ ವ್ಯಾಪಾರದಿಂದ ಎಣ್ಣೆ ನಗರಿ ಎನಿಸಿಕೊಂಡ ಚಳ್ಳಕೆರೆಯಂಥ ಊರುಗಳಲ್ಲಿ ಬೀಜವನ್ನು ಒತ್ತಿ ಎಣ್ಣೆ ತೆಗೆಯುವುದು ಹಳೆಯ ಕಸುಬು. ಒತ್ತಿದ ಮೇಲೂ ಹಿಂಡಿಯಲ್ಲಿ ಎಣ್ಣೆ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ ತೆಗೆಯುತ್ತವೆ. ಹೆಕ್ಸೇನ್ 69 ಡಿಗ್ರಿಗೇ ಕುದಿದು ಹಾರುತ್ತದೆ. ನಂತರ ಕ್ಷಾರದಿಂದ ಆಮ್ಲ ತೆಗೆದು, ಜೇಡಿಯಿಂದ ಬಣ್ಣ ಹೀರಿಸಿ, ನಿರ್ವಾತದಲ್ಲಿ 200 ಡಿಗ್ರಿಗೂ ಮೇಲಿನ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ. ಈ ಹಾದಿಯಲ್ಲಿ ಇ ಜೀವಸತ್ವದ ಒಂದು ಪಾಲೂ ರುಚಿಯೂ ಹೋಗುತ್ತವೆ. 'ವಿಷ' ಎಂಬ ಮಾತಿಗೆ ಮಾತ್ರ ಆಧಾರವಿಲ್ಲ.

ಗಾಣದ ಎಣ್ಣೆಯ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಅದು ಬೀಜದ ಗುಣವನ್ನು ಇದ್ದದ್ದು ಇದ್ದಂತೆ ತರುತ್ತದೆ, ದೋಷವನ್ನೂ ತರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಯಕೃತ್ತು ಕೆಟ್ಟು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಷ್ಟು ಸ್ರವಿಸುವ ಅಫ್ಲಾಟಾಕ್ಸಿನ್ ಮನುಷ್ಯರಲ್ಲೂ ಯಕೃತ್ತಿನ ಕ್ಯಾನ್ಸರ್ ತರುತ್ತದೆ, ಅಡುಗೆಯ ಶಾಖಕ್ಕೆ ಸುಲಭವಾಗಿ ನಾಶವಾಗುವುದಿಲ್ಲ. ಅದರ ಬಹುಪಾಲು ಹಿಂಡಿಯಲ್ಲಿ ಉಳಿದರೂ ಸ್ವಲ್ಪ ಭಾಗ ಎಣ್ಣೆಗೆ ಇಳಿಯುತ್ತದೆ. ರಿಫೈನ್ ಮಾಡುವಾಗ ಕ್ಷಾರವೂ ಜೇಡಿಯೂ ಅದನ್ನು ತೆಗೆಯುತ್ತವೆ, ಗಾಣದಲ್ಲಿ ಅಂಥ ಹಂತವಿಲ್ಲ. ಗಾಣಕ್ಕೆ ಹೋದಾಗ ಎಣ್ಣೆಗಿಂತ ಮೊದಲು ಚೀಲದಲ್ಲಿರುವ ಬೀಜವನ್ನು ನೋಡಿ. ಮುದುಡಿದ, ಕಪ್ಪಾದ, ಬೂಷ್ಟಿನ ವಾಸನೆಯ ಕಾಳುಗಳನ್ನು ಆರಿಸಿ ತೆಗೆಯುವ ಗಾಣದವರ ಎಣ್ಣೆಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ತಂದ ಎಣ್ಣೆಯನ್ನು ಒಲೆಯ ಪಕ್ಕ ಇಡಬಾರದು, ಬಿಸಿಯೂ ಬೆಳಕೂ ಆಕ್ಸಿಡೀಕರಣವನ್ನು ಚುರುಕುಗೊಳಿಸುತ್ತವೆ. ತಾಮ್ರ, ಹಿತ್ತಾಳೆ ಪಾತ್ರೆಗಳೂ ಬೇಡ. ತಾಮ್ರದ ಅಯಾನುಗಳು ಅತಿ ಸಣ್ಣ ಪ್ರಮಾಣದಲ್ಲಿದ್ದರೂ ಪೆರಾಕ್ಸೈಡ್‌ಗಳನ್ನು ಒಡೆದು ಕಮಟನ್ನು ಬೇಗ ತರುತ್ತವೆ. ಪಿಂಗಾಣಿ ಜಾಡಿ ಅಥವಾ ಬಣ್ಣದ ಗಾಜಿನ ಬಾಟಲಿ ಒಳ್ಳೆಯದು.

ಹಬ್ಬಕ್ಕೆ ಕರಿದು ಉಳಿದ ಎಣ್ಣೆಯ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ. ಸೋಸಿ, ಒಂದೆರಡು ದಿನದೊಳಗೆ ಪಲ್ಯ ಸಾರುಗಳಿಗೆ ಬಳಸಿ ಮುಗಿಸಬೇಕು, ಮತ್ತೆ ಕರಿಯಲು ಬಳಸಬಾರದು. ಹಳೆಯದಕ್ಕೆ ಹೊಸದನ್ನು ಸುರಿದು ಬಾಣಲೆ ತುಂಬಿಸುವ ಅಭ್ಯಾಸವೂ ಒಳ್ಳೆಯದಲ್ಲ. ಹಳೆಯ ಎಣ್ಣೆಯ ಪೆರಾಕ್ಸೈಡ್‌ಗಳು ಹೊಸ ಎಣ್ಣೆಯಲ್ಲೂ ಅದೇ ಸರಣಿಕ್ರಿಯೆಯನ್ನು ಹೊತ್ತಿಸುತ್ತವೆ. ಅದಕ್ಕೇ ಅಗಲ ಬಾಣಲೆಗಿಂತ ಸಣ್ಣ, ಆಳದ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು ಸ್ವಲ್ಪಸ್ವಲ್ಪವಾಗಿ ಕರಿಯುವುದು ಲೇಸು. ಗಾಳಿಗೆ ತೆರೆದುಕೊಳ್ಳುವ ಮೇಲ್ಮೈಯೂ ಕಡಿಮೆ, ಉಳಿಯುವ ಎಣ್ಣೆಯೂ ಕಡಿಮೆ.

ಕೊನೆಗೆ ಪ್ರಮಾಣ. ಯಾವ ಎಣ್ಣೆಯೇ ಆಗಲಿ, ಗಾಣದ್ದೇ ಆಗಲಿ, ಒಂದು ಗ್ರಾಂಗೆ 9 ಕಿಲೊಕ್ಯಾಲರಿ. ಇದೇ ಸಂಸ್ಥೆಯ ಊಟದ ತಟ್ಟೆಯ ಲೆಕ್ಕದಲ್ಲಿ ದಿನಕ್ಕೆ 2000 ಕಿಲೊಕ್ಯಾಲರಿ ಬೇಕಾದವರಿಗೆ ಎಣ್ಣೆ ತುಪ್ಪ ಎಲ್ಲ ಸೇರಿ ಸುಮಾರು 27 ಗ್ರಾಂ ಸಾಕು. ನಾಲ್ವರು ದೊಡ್ಡವರಿರುವ ಮನೆಗೆ ತಿಂಗಳಿಗೆ ಇದು ಹೆಚ್ಚುಕಡಿಮೆ ಮೂರೂವರೆ ಲೀಟರ್ ಆಗುತ್ತದೆ, ಅದರಲ್ಲೇ ತುಪ್ಪವೂ ಬಂತು. ತಿಂಗಳ ಮೊದಲ ದಿನ ಅಷ್ಟನ್ನೇ ಅಳೆದು ಬೇರೆ ಡಬ್ಬಿಗೆ ಸುರಿದಿಟ್ಟು, ಅದು ಯಾವ ತಾರೀಖಿಗೆ ಖಾಲಿಯಾಗುತ್ತದೆ ಎಂದು ಗುರುತು ಹಾಕಿಕೊಂಡರೆ ಮನೆಯ ಎಣ್ಣೆಯ ಲೆಕ್ಕ ಗೊತ್ತಾಗುತ್ತದೆ.