ರುಚಿಗೆ ಮೊದಲು, ಇಳುವರಿಗೆ ಕೊನೆ: ಕಿಂಗ್‌ಸ್ಟನ್ ಬ್ಲ್ಯಾಕ್ ಸೇಬು



ತಿನ್ನಲಿಕ್ಕಲ್ಲದೆ ಹಿಂಡಲಿಕ್ಕೆಂದೇ ಬೆಳೆಯುವ ಸೇಬು ಉಂಟು. ಇಂಗ್ಲೆಂಡಿನ ಪಶ್ಚಿಮ ಭಾಗದ ಸಾಮರ್ಸೆಟ್, ಹೆರೆಫರ್ಡ್‌ಷೈರ್ ಪ್ರಾಂತಗಳಲ್ಲಿ ಇಂಥ ಸೇಬನ್ನು ಅರೆದು, ಹಿಂಡಿ, ರಸಕ್ಕೆ ಹುದುಗು ಬರಿಸಿ ಸೈಡರ್ ಎಂಬ ಪಾನೀಯವನ್ನು ತಯಾರಿಸುತ್ತಾರೆ. ಈ ಜಾತಿಯಲ್ಲಿ ಹೆಸರಾದ ಹಳೆಯ ತಳಿ ಕಿಂಗ್‌ಸ್ಟನ್ ಬ್ಲ್ಯಾಕ್. ಟಾಂಟನ್ ಪಟ್ಟಣದ ಬಳಿಯ ಕಿಂಗ್‌ಸ್ಟನ್ ಸೇಂಟ್ ಮೇರಿ ಹಳ್ಳಿಯಿಂದ ಈ ಹೆಸರು ಬಂದಿತೆನ್ನುತ್ತಾರೆ. ಹಣ್ಣು ಚಿಕ್ಕದು, ಬಣ್ಣ ಕಪ್ಪುಗೆಂಪು.

ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್‌ನಲ್ಲಿ 1903ರಲ್ಲಿ ಆರಂಭವಾಗಿ 2003ರವರೆಗೆ ನಡೆದ ಸಂಶೋಧನಾ ಕೇಂದ್ರದ ಬಾರ್ಕರ್ ಎಂಬ ವಿಜ್ಞಾನಿ ಸೈಡರ್ ಸೇಬುಗಳನ್ನು ನಾಲ್ಕು ಗುಂಪು ಮಾಡಿದರು. ರಸದ ಆಮ್ಲ ಶೇಕಡಾ 0.45 ಮೀರಿದರೆ ಹುಳಿ. ಟ್ಯಾನಿನ್ ಶೇಕಡಾ 0.2 ಮೀರಿದರೆ ಒಗರು. ಟ್ಯಾನಿನ್ ಎಂದರೆ ನಮ್ಮ ಅಡಿಕೆ ಚೊಗರಿನಲ್ಲಿರುವ ಅದೇ ಒಗರು. ಅನೇಕ ತಳಿಗಳಲ್ಲಿ ಒಂದಿದ್ದರೆ ಇನ್ನೊಂದು ಸಾಲದು. ಆದ್ದರಿಂದ ಹಲವು ರಸಗಳನ್ನು ಬೆರೆಸಬೇಕಾಗುತ್ತದೆ. ಕಿಂಗ್‌ಸ್ಟನ್ ಬ್ಲ್ಯಾಕ್‌ನಲ್ಲಿಯಾದರೋ ಸಿಹಿ, ಹುಳಿ, ಒಗರು ಮೂರೂ ಹದವಾಗಿವೆ. ಇದೊಂದರಿಂದಲೇ ಉತ್ತಮ ಸೈಡರ್ ಆಗುತ್ತದೆ.

ಇಷ್ಟು ಗುಣವಿದ್ದೂ ಬೆಳೆಗಾರರು ಇದನ್ನು ಕೈಬಿಡತೊಡಗಿದ್ದೇಕೆ? ಇಳುವರಿ ಕಡಿಮೆ. ತೊಗಟೆ ಕೊಳೆಯಿಸುವ ಕ್ಯಾಂಕರ್, ಎಲೆ-ಹಣ್ಣಿಗೆ ಬರುವ ಕಜ್ಜಿರೋಗ ಎರಡೂ ಬೇಗ ತಗಲುತ್ತವೆ. ದೊಡ್ಡ ಕಾರ್ಖಾನೆಗಳು ಟನ್ ಲೆಕ್ಕದಲ್ಲಿ ಹಣ ಕೊಡುವಾಗ ಬೆಳೆಗಾರ ಹೆಚ್ಚು ಕಾಯಿಬಿಡುವ ಡ್ಯಾಬಿನೆಟ್, ಮಿಷೆಲಿನ್ ತಳಿಗಳ ಕಡೆಗೆ ತಿರುಗಿದ್ದು ಸಹಜವೇ. ಕಾಂಡಕೊರಕದ ಕಾಟಕ್ಕೆ ಬೇಸತ್ತು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದ ನಮ್ಮವರಿಗೆ ಈ ಲೆಕ್ಕ ಹೊಸದಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸೈಡರಿನ ಬೇಡಿಕೆ ತಗ್ಗಿ, ಕಾರ್ಖಾನೆಗಳು ಕರಾರುಗಳನ್ನು ಕಡಿತಗೊಳಿಸಿದವು. ಆ ಒಬ್ಬ ಗಿರಾಕಿಯನ್ನೇ ನಂಬಿ ನೆಟ್ಟ ತೋಟಗಳಲ್ಲಿ ಎಷ್ಟೋ ಮರಗಳನ್ನು ಕಿತ್ತುಹಾಕಬೇಕಾಯಿತು. ಅತ್ತ ಸಣ್ಣ ತಯಾರಕರು ಕಿಂಗ್‌ಸ್ಟನ್ ಬ್ಲ್ಯಾಕ್ ಸೈಡರನ್ನು ಬೇರೆಯಾಗಿಯೇ ಸೀಸೆಗೆ ತುಂಬಿ, ತಳಿಯ ಹೆಸರಿನಲ್ಲೇ ಮಾರುತ್ತಿದ್ದಾರೆ. ಬೀಜ ಬಿತ್ತಿದರೆ ಸೇಬಿನಲ್ಲಿ ತಾಯಿಗುಣ ಬರುವುದಿಲ್ಲ. ಕಸಿ ಕಟ್ಟುವವರಿದ್ದರೆ ಮಾತ್ರ ತಳಿ ಉಳಿಯುತ್ತದೆ. ಹೆಸರಿಗೆ ಬೆಲೆ ಬಂದುದರಿಂದ ಕಸಿ ಕಟ್ಟುವವರೂ ಉಳಿದರು.

ಇಳುವರಿಯನ್ನು ಅಲಕ್ಷಿಸಿರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮಾಲನ್ನು ಸಾಧಾರಣ ಮಾಲಿನೊಡನೆ ಒಂದೇ ಚೀಲಕ್ಕೆ ಸುರಿದರೆ ಅದಕ್ಕೆ ಬೆಲೆ ಕೇಳುವ ಹಕ್ಕನ್ನು ನಾವೇ ಕಳೆದುಕೊಂಡಂತೆ. ಈ ಸಲದ ಕೊಯ್ಲಿಗೆ ಮುಂಚೆ ಇದನ್ನು ಯೋಚಿಸಿ. ಹಳೆಯ ಅರೇಬಿಕಾ ಉಳಿಸಿಕೊಂಡವರು ನಾಲ್ಕೈದು ಮಂದಿ ಸೇರಿ ಮಾಲನ್ನು ಬೇರೆಯಾಗಿ ತಂದರೆ, ಬೇರೆಯಾಗಿಯೇ ಮಾರುವ ಪ್ರಯತ್ನವನ್ನು ಸಂಘ ಮಾಡಬಹುದು.

— ಕಾರ್ಯದರ್ಶಿ