ಗ್ರಬ್ ಕೊಡುವ ಆ ಒಂದು ಸಾಲು: ನಂಬಿಕೆ ಮತ್ತು ಸತ್ಯ

ಉಬುಂಟು ಹಾಕಿದ ಮೇಲೆ ಪರದೆ ಕಪ್ಪಾಗಿಯೇ ನಿಂತುಬಿಟ್ಟರೆ ಹಲವರು ಕೈಚೆಲ್ಲುತ್ತಾರೆ, ಇಲ್ಲವೇ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಎಷ್ಟೋ ಸಲ ಅಲ್ಲಿ ಬೇಕಿದ್ದದ್ದು ಒಂದೇ ಒಂದು ಪದ. ಗ್ರಬ್ ಎಂಬ ಬೂಟ್ ಲೋಡರ್ ಲಿನಕ್ಸ್ ಕರ್ನಲ್ಲನ್ನು ಮೆಮೊರಿಗೆ ತಂದು, ಅದರ ಕೈಗೆ ಒಂದು ಸಾಲು ಬರೆದುಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಆ ಸಾಲಿನ ಪದಗಳೇ ಬೂಟ್ ಆಪ್ಷನ್‌ಗಳು. ಅವುಗಳ ಬಗ್ಗೆ ಇರುವ ಭಯವೂ ಅತಿಯಾದದ್ದು, ಭರವಸೆಯೂ ಅತಿಯಾದದ್ದು.

ತಪ್ಪು ಕಲ್ಪನೆ: ಗ್ರಬ್ ಮೆನುವಿನಲ್ಲಿ ಕೈಯಾಡಿಸಿದರೆ ಸಿಸ್ಟಮ್ ಕೆಡುತ್ತದೆ.

ಸತ್ಯ: ಮೆನುವಿನಲ್ಲಿ ‘ಇ’ ಕೀಲಿ ಒತ್ತಿ ಮಾಡುವ ತಿದ್ದುಪಡಿ ಡಿಸ್ಕಿನಲ್ಲಿ ಉಳಿಯುವುದಿಲ್ಲ. ಅದು ಆ ಒಂದು ಬೂಟಿಗೆ ಮಾತ್ರ. ‘ಲಿನಕ್ಸ್’ ಎಂದು ಶುರುವಾಗುವ ಸಾಲನ್ನು ಹುಡುಕಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಅದರ ಕೊನೆಯ ಹತ್ತಿರ ‘ಕ್ವೈಟ್ ಸ್ಪ್ಲ್ಯಾಶ್’ ಎಂದಿರುತ್ತದೆ. ಅದರ ಪಕ್ಕ ಜಾಗ ಬಿಟ್ಟು ಬೇಕಾದ ಪದ ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಸರಿಹೋಗಲಿಲ್ಲವೇ? ರೀಸ್ಟಾರ್ಟ್ ಮಾಡಿದರೆ ಹಳೆಯ ಸಾಲೇ ಮತ್ತೆ ಬರುತ್ತದೆ. ಮೆನುವೇ ಕಾಣಿಸದಿದ್ದರೆ, ಆನ್ ಮಾಡಿದ ಕೂಡಲೇ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್, ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್ ಒತ್ತಬೇಕು.

ತಪ್ಪು ಕಲ್ಪನೆ: ಬದಲಾವಣೆ ಕಾಯಂ ಆಗಬೇಕಾದರೆ ‘ಗ್ರಬ್.ಸಿಎಫ್‌ಜಿ’ ಕಡತವನ್ನೇ ತಿದ್ದಬೇಕು.

ಸತ್ಯ: ಈ ಕಡತವನ್ನು ಬರೆಯುವುದು ಯಂತ್ರ. ತಿದ್ದಬೇಡಿ ಎಂಬ ಎಚ್ಚರಿಕೆ ಅದರ ತಲೆಯಲ್ಲೇ ಇದೆ. ಹೊಸ ಕರ್ನಲ್ ಬಂದ ದಿನ ಇಡೀ ಕಡತ ಹೊಸದಾಗಿ ತಯಾರಾಗುತ್ತದೆ, ನೀವು ತಿದ್ದಿದ್ದು ಅಳಿಸಿಹೋಗುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ತಿದ್ದಬೇಕಾದದ್ದು ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತವನ್ನು. ಅದರಲ್ಲಿ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್’ ಎಂಬ ಸಾಲಿನ ಉದ್ಧರಣ ಚಿಹ್ನೆಗಳ ಒಳಗೆ ಪದ ಸೇರಿಸಿ ಉಳಿಸಿ. ಆಮೇಲೆ ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಲೇಬೇಕು. ಈ ಕೊನೆಯ ಹೆಜ್ಜೆ ಮರೆತವರೇ ‘ಏನೂ ಬದಲಾಗಲಿಲ್ಲ’ ಎನ್ನುವುದು.

ತಪ್ಪು ಕಲ್ಪನೆ: ಕಪ್ಪು ಪರದೆಗೆ ‘ನೋಮೋಡ್‌ಸೆಟ್’ ಶಾಶ್ವತ ಮದ್ದು.

ಸತ್ಯ: ಇದು ಪ್ರಥಮ ಚಿಕಿತ್ಸೆ. ಗ್ರಾಫಿಕ್ಸ್ ಡ್ರೈವರ್ ಪರದೆಯ ಹಿಡಿತ ತೆಗೆದುಕೊಳ್ಳದಂತೆ ಈ ಪದ ಕರ್ನಲ್ಲಿಗೆ ಹೇಳುತ್ತದೆ. ಪರದೆಯೇನೋ ಬರುತ್ತದೆ, ಆದರೆ ರೆಸಲ್ಯೂಷನ್ ಇಳಿಯಬಹುದು, ವಿಡಿಯೊ ತಡವರಿಸಬಹುದು. ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕಿದ ಮೇಲೆ ಈ ಪದವನ್ನು ತೆಗೆದುಬಿಡಬೇಕು.

ತಪ್ಪು ಕಲ್ಪನೆ: ಪದ ತಪ್ಪಾಗಿದ್ದರೆ ಕರ್ನಲ್ ಬೂಟ್ ಆಗದೆ ನಿಲ್ಲುತ್ತದೆ.

ಸತ್ಯ: ತನಗೆ ಅರ್ಥವಾಗದ ಪದವನ್ನು ಕರ್ನಲ್ ಸಾಮಾನ್ಯವಾಗಿ ಮುಂದಿನ ಇನಿಟ್ ಪ್ರೋಗ್ರಾಮಿಗೆ ದಾಟಿಸಿ ತನ್ನ ಕೆಲಸ ಮುಂದುವರಿಸುತ್ತದೆ. ನೀವು ಸೇರಿಸಿದ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದ್ದರೂ ಸಾಮಾನ್ಯವಾಗಿ ಬೂಟ್ ಆಗುತ್ತದೆ, ಫಲ ಮಾತ್ರ ಸಿಗುವುದಿಲ್ಲ. ಬೂಟ್ ಆದ ಮೇಲೆ ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಕೊಟ್ಟರೆ ಕರ್ನಲ್ಲಿಗೆ ತಲುಪಿದ ಸಾಲು ಇದ್ದಂತೆಯೇ ಕಾಣುತ್ತದೆ. ಅದನ್ನು ಅಕ್ಷರ ಅಕ್ಷರವಾಗಿ ಓದಿ.

ತಪ್ಪು ಕಲ್ಪನೆ: ‘ಕ್ವೈಟ್’ ಇದ್ದರೆ ದೋಷದ ಸಂದೇಶಗಳು ಕಳೆದುಹೋಗುತ್ತವೆ.

ಸತ್ಯ: ಪರದೆಯ ಮೇಲೆ ಕಾಣುವುದು ಕಡಿಮೆಯಾಗುತ್ತದೆ ಅಷ್ಟೇ. ‘ಸುಡೊ ಡಿಎಂಇಎಸ್‌ಜಿ’ ಆಜ್ಞೆ ಕೊಟ್ಟರೆ ಸಂದೇಶಗಳು ಸಿಗುತ್ತವೆ. ಆದರೆ ಬೂಟ್ ಅರ್ಧಕ್ಕೇ ನಿಂತರೆ ಆ ಆಜ್ಞೆ ಕೊಡುವುದಾದರೂ ಎಲ್ಲಿ? ಆಗ ‘ಕ್ವೈಟ್ ಸ್ಪ್ಲ್ಯಾಶ್’ ತೆಗೆದು ಬೂಟ್ ಮಾಡಿ. ಕೊನೆಗೆ ಬಂದು ನಿಂತ ಸಾಲೇ ಕಾರಣ ಹುಡುಕಲು ಒಳ್ಳೆಯ ಸುಳಿವು.

ತಪ್ಪು ಕಲ್ಪನೆ: ‘ಮಿಟಿಗೇಷನ್ಸ್=ಆಫ್’ ಹಾಕಿದರೆ ಪುಕ್ಕಟೆ ವೇಗ.

ಸತ್ಯ: 2018ರ ಜನವರಿಯಲ್ಲಿ ಬಯಲಾದ ಸ್ಪೆಕ್ಟರ್, ಮೆಲ್ಟ್‌ಡೌನ್‌ನಂಥ ಪ್ರೊಸೆಸರ್ ದೋಷಗಳಿಗೆ ಕರ್ನಲ್ ಕಟ್ಟಿಕೊಂಡ ರಕ್ಷಣೆಯನ್ನು ಈ ಪದ ಕಳಚುತ್ತದೆ. ಹೊಸ ಪ್ರೊಸೆಸರ್‌ಗಳಲ್ಲಿ ಕೆಲವು ದೋಷಗಳನ್ನು ಚಿಪ್‌ನಲ್ಲೇ ಸರಿಪಡಿಸಿರುವುದರಿಂದ ಲಾಭವೂ ಕಡಿಮೆ. ಬ್ಯಾಂಕ್ ವ್ಯವಹಾರಕ್ಕೆ ಬ್ರೌಸರ್ ತೆರೆಯುವ ಮನೆಯ ಕಂಪ್ಯೂಟರಿಗೆ ಈ ವ್ಯಾಪಾರ ಬೇಡ.

ಕ್ರಮ ಇಷ್ಟೇ: ಮೊದಲು ‘ಇ’ ಒತ್ತಿ ಒಂದು ಬೂಟಿಗೆ ಪ್ರಯೋಗ, ಆಮೇಲೆ ಸಾಲಿನ ಪರೀಕ್ಷೆ, ಫಲ ಕಂಡರೆ ಮಾತ್ರ ಕಡತದಲ್ಲಿ ಬರಹ. ಯಾವ ಪದವನ್ನು ಯಾಕೆ ಸೇರಿಸಿದಿರಿ ಎಂದು ಅದೇ ಕಡತದಲ್ಲಿ ಹ್ಯಾಶ್ ಚಿಹ್ನೆ ಹಾಕಿ ಬರೆದಿಡಿ. ಆ ಪದವನ್ನು ತೆಗೆಯುವ ದಿನ ಬಂದಾಗ ಕೈ ನಡುಗುವುದಿಲ್ಲ.